ಕಬಾಬ್ ಸಿಗದ ಇರಾಕಿ ಊಟದ ಅಂಗಡಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಒಂದು ಇರಾಕಿ ಊಟದ ಅಂಗಡಿ ಇದೆ. ಅಲ್ಲಿ ಕಬಾಬ್ ಸಿಗುವುದಿಲ್ಲ. ಶವರ್ಮಾ ಇಲ್ಲ. ಹಮ್ಮುಸ್ ಕೂಡ ಇಲ್ಲ. ಬೆಳಿಗ್ಗೆ ನಾಲ್ಕು ಪಾತ್ರೆ ಒಲೆ ಮೇಲೆ ಏರುತ್ತವೆ, ಪಕ್ಕದ ದೊಡ್ಡ ದಬರಿಯಲ್ಲಿ ಅನ್ನ ಆಗುತ್ತದೆ. ಹನ್ನೊಂದೂವರೆಗೆ ಬಾಗಿಲು ತೆಗೆಯುತ್ತಾರೆ, ಪಾತ್ರೆ ಖಾಲಿಯಾದ ಮೇಲೆ ಮುಚ್ಚುತ್ತಾರೆ. ಸಾಲು ಅಂಗಡಿಗಳ ಕೊನೆಯಲ್ಲಿ, ಬಟ್ಟೆ ಒಗೆಯುವ ಅಂಗಡಿಗೂ ಟ್ಯಾಕ್ಸ್ ಕಟ್ಟಲು ಸಹಾಯ ಮಾಡುವವರ ಆಫೀಸಿಗೂ ನಡುವೆ, ಹೊರಗಿನಿಂದ ನೋಡಿದರೆ ಊಟ ಸಿಗುತ್ತದೆ ಅಂತ ಅನ್ನಿಸುವುದೇ ಇಲ್ಲ.

ಹೆಸರು ಬರೆಯುತ್ತಿಲ್ಲ. ಬರೆಯಬೇಡ ಅಂತ ಅಡುಗೆ ಮಾಡುವ ಅಮ್ಮನೇ ಹೇಳಿದ್ದಾರೆ. ಜನ ಜಾಸ್ತಿಯಾದರೆ ದೊಡ್ಡ ಪಾತ್ರೆ ಇಡಬೇಕಾಗುತ್ತದೆ, ದೊಡ್ಡ ಪಾತ್ರೆಯಲ್ಲಿ ಬೆಂಡೆಕಾಯಿ ಒಡೆಯುತ್ತದೆ ಅನ್ನುವುದು ಅವರ ವಾದ. ಎಲ್ಲರೂ ಅವರನ್ನು ಖಾಲಾ ಅನ್ನುತ್ತಾರೆ. ಚಿಕ್ಕಮ್ಮನ ವಯಸ್ಸಿನ ಯಾರನ್ನಾದರೂ ಇರಾಕಿನವರು ಹಾಗೇ ಕರೆಯುತ್ತಾರೆ. ನಮ್ಮ ಊರಿನ ಮುಸ್ಲಿಂ ಗೆಳೆಯರ ಮನೆಗಳಲ್ಲಿ ಕೇಳಿದ್ದ ಮಾತು, ನನಗೂ ಬೇಗ ಬಾಯಿಗೆ ಬಂತು.

ಈ ಜಾಗದ ಬಗ್ಗೆ ಬರೆಯಬೇಕು ಅಂತ ತುಂಬ ದಿನದಿಂದ ಇತ್ತು. ರುಚಿಗೋಸ್ಕರ ಮಾತ್ರ ಅಲ್ಲ. ಒಂದು ಜನಾಂಗದ ಅಡುಗೆ ಅಂದರೆ ಏನು ಅನ್ನುವ ಬಗ್ಗೆ ನನಗೆ ಒಂದು ಗಟ್ಟಿ ಅಭಿಪ್ರಾಯ ಬಂದಿದ್ದು ಇಲ್ಲಿ ಕೂತು ಊಟ ಮಾಡಿದ ಮೇಲೆ. ಹಬ್ಬದ ಅಡುಗೆ ಎಲ್ಲಿಗೆ ಹೋದರೂ ಉಳಿಯುತ್ತದೆ. ಮದುವೆಯಲ್ಲಿ ಮಾಡುತ್ತಾರೆ, ಹೋಟೆಲಿನಲ್ಲಿ ಮಾರುತ್ತಾರೆ, ಫೋಟೋ ತೆಗೆಯುತ್ತಾರೆ. ಕಳೆದುಹೋಗುವುದು ಮಂಗಳವಾರ ಮಧ್ಯಾಹ್ನದ ಅಡುಗೆ. ಯಾರೂ ಬರೆದಿಡದ, ಯಾರೂ ಹೊಗಳದ, ಸುಮ್ನೆ ದಿನಾ ಮಾಡುವ ಸಾರು. ಖಾಲಾ ಮಾರುವುದು ಅದನ್ನು.

ಡೆಟ್ರಾಯಿಟ್ ಸುತ್ತಮುತ್ತ ಇರಾಕಿ ಹೋಟೆಲುಗಳಿಗೆ ಕೊರತೆ ಇಲ್ಲ. ದೊಡ್ಡ ದೊಡ್ಡ ಹಾಲುಗಳಿವೆ, ಕೆಂಡದ ಮೇಲೆ ಸುಟ್ಟ ಮಾಂಸವನ್ನು ಉದ್ದನೆಯ ತಟ್ಟೆಯಲ್ಲಿ ತಂದಿಡುತ್ತಾರೆ, ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಇರಾಕಿನಲ್ಲಿ ಕಬಾಬ್ ಅನ್ನುವುದು ಹೊರಗೆ ಹೋದಾಗ ತಿನ್ನುವ ತಿಂಡಿ. ಮನೆಯಲ್ಲಿ ಮಧ್ಯಾಹ್ನಕ್ಕೆ ಮಾಡುವುದು ತಿಮ್ಮನ್ ಮತ್ತು ಮರ್ಗಾ. ಅಂದರೆ ಅನ್ನ, ಮತ್ತು ತರಕಾರಿಯನ್ನೋ ಕಾಳನ್ನೋ ಟೊಮೆಟೊ ರಸದಲ್ಲಿ ಮಾಂಸದ ಜೊತೆ ನಿಧಾನಕ್ಕೆ ಕುದಿಸಿದ ಸಾರು. ದಿನದ ದೊಡ್ಡ ಊಟ ಅಂದರೆ ಅವರಿಗೂ ಮಧ್ಯಾಹ್ನದ್ದೇ. ಇವತ್ತು ಬಿಳಿ ಹುರುಳಿಕಾಯಿ ಬೀಜದ ಫಾಸೂಲಿಯಾ, ನಾಳೆ ಬೆಂಡೆಕಾಯಿ, ನಾಡಿದ್ದು ಬದನೆಕಾಯಿ ಅಥವಾ ಪಾಲಕ್. ಅನ್ನ ಒಂದು ತಟ್ಟೆ, ಸಾರು ಒಂದು ಬಟ್ಟಲು, ಹಸಿ ಈರುಳ್ಳಿ, ಬೀಟ್‌ರೂಟ್ ಹಾಕಿ ಗುಲಾಬಿ ಬಣ್ಣ ಬರಿಸಿದ ಟರ್ನಿಪ್ ಉಪ್ಪಿನಕಾಯಿ. ಎಲ್ಲ ಒಟ್ಟಿಗೆ ಸುರಿಯುವುದಿಲ್ಲ, ಒಂದೊಂದು ಚಮಚ ಸಾರನ್ನು ಅನ್ನದ ಮೇಲೆ ಹಾಕಿಕೊಂಡು ತಿನ್ನುತ್ತಾರೆ.

ಇದು ಎಷ್ಟು ಹಳೆಯ ಪದ್ಧತಿ ಅಂದರೆ, ಯೇಲ್ ವಿಶ್ವವಿದ್ಯಾಲಯದಲ್ಲಿ ಬ್ಯಾಬಿಲೋನಿಯಾದ, ಅಂದರೆ ಹಳೆಯ ಕಾಲದ ಇರಾಕಿನ, ಕೆಲವು ಮಣ್ಣಿನ ಹಲಗೆಗಳಿವೆ, ಸುಮಾರು 3,700 ವರ್ಷ ಹಳೆಯವು. ನಮಗೆ ಸಿಕ್ಕಿರುವ ಅತಿ ಹಳೆಯ ಅಡುಗೆ ಬರಹಗಳಲ್ಲಿ ಅವು ಸೇರುತ್ತವೆ. ಅದರಲ್ಲಿ ಒಂದು ಹಲಗೆಯಲ್ಲಿ 25 ಅಡುಗೆಗಳಿವೆ: 21 ಮಾಂಸದ ಸಾರು, 4 ತರಕಾರಿ ಸಾರು. ಎಲ್ಲವೂ ಸಾರೇ. ಟೊಮೆಟೊ ಆಗ ಇರಲಿಲ್ಲ, ಅದು ಅಮೆರಿಕ ಖಂಡದಿಂದ ಆಮೇಲೆ ಬಂದದ್ದು. ಆದರೆ ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬು, ನೀರು, ನಿಧಾನದ ಉರಿ ಎಲ್ಲ ಆಗಲೇ ಇತ್ತು. ಅದೇ ಟೈಗ್ರಿಸ್, ಯೂಫ್ರಟಿಸ್ ನದಿಗಳ ನಡುವಿನ ನೆಲದಿಂದ ಬಂದ ಅಮ್ಮ ಒಬ್ಬರು ಮಿಷಿಗನ್‌ನಲ್ಲಿ ಗ್ಯಾಸ್ ಒಲೆ ಮುಂದೆ ನಿಂತು ಇವತ್ತೂ ಸಾರನ್ನೇ ಕುದಿಸುತ್ತಿದ್ದಾರೆ ಅಂತ ಯೋಚಿಸಿದರೆ ನನಗೆ ನಿಜಕ್ಕೂ ಮೈ ಜುಮ್ ಅನ್ನುತ್ತದೆ.

ಬಾಮಿಯಾ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಾಮಿಯಾ ಅಂದರೆ ಬೆಂಡೆಕಾಯಿ ಸಾರು. ಬೆಂಡೆಕಾಯಿ ಸಾರು ಅಂದ ತಕ್ಷಣ ನಮ್ಮವರು ಕೇಳುವ ಮೊದಲ ಪ್ರಶ್ನೆ ಲೋಳೆ ಏನಾಗುತ್ತದೆ ಅಂತ. ಖಾಲಾ ಬಳಸುವುದು ಕಿರುಬೆರಳಿನ ತುದಿಯಷ್ಟು ಚಿಕ್ಕ ಬೆಂಡೆ. ಇಲ್ಲಿಯ ಅರಬ್ಬೀ ಅಂಗಡಿಗಳಲ್ಲಿ ಈಜಿಪ್ಟಿನಿಂದ ಬಂದದ್ದು ಫ್ರೀಜರಿನಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ರೈತರ ಸಂತೆಗೆ ತಾಜಾ ಬಂದರೆ ಬಿಡುವುದಿಲ್ಲ, ಬುಟ್ಟಿಗಟ್ಟಲೆ ತಂದು ಅಂಗಡಿಯ ಮೂಲೆಯ ಮೇಜಿನ ಮೇಲೆ ಸುರಿದುಕೊಂಡು ಕೂರುತ್ತಾರೆ. ಒಂದು ಚಿಕ್ಕ ಚಾಕು ಹಿಡಿದು ತೊಟ್ಟನ್ನು ಪೆನ್ಸಿಲ್ ಚೂಪು ಮಾಡುವ ಹಾಗೆ ಸುತ್ತ ಹೆರೆಯುತ್ತಾರೆ. ತೊಟ್ಟು ಪೂರ್ತಿ ಕತ್ತರಿಸುವುದಿಲ್ಲ. ಒಳಗಿನ ಕೋಣೆ ತೆರೆದುಕೊಳ್ಳಬಾರದು, ತೆರೆದರೆ ಲೋಳೆ ಹೊರಗೆ. ನಾನು ಒಂದು ದಿನ ಪಕ್ಕದಲ್ಲಿ ಕೂತು ಸಹಾಯ ಮಾಡಿದೆ. ಅವರು ಮಾತಾಡುತ್ತಾ, ಬಾಗಿಲ ಕಡೆ ನೋಡುತ್ತಾ, ಬಂದವರಿಗೆ ಸಲಾಂ ಹೇಳುತ್ತಾ ಹೆರೆಯುತ್ತಿದ್ದರು. ಚಾಕು ತನ್ನಷ್ಟಕ್ಕೆ ತಿರುಗುತ್ತಿತ್ತು.

ಆಮೇಲೆ ಎಣ್ಣೆಯಲ್ಲಿ ಸ್ವಲ್ಪ ಬಾಡಿಸುತ್ತಾರೆ. ಇನ್ನೊಂದು ಪಾತ್ರೆಯಲ್ಲಿ ಮೂಳೆ ಇರುವ ಕುರಿಮಾಂಸ ಆಗಲೇ ಬೆಂದಿರುತ್ತದೆ. ಅದಕ್ಕೆ ಟೊಮೆಟೊ, ಟೊಮೆಟೊ ಪೇಸ್ಟು, ಸಿಪ್ಪೆ ಸುಲಿದ ಬೆಳ್ಳುಳ್ಳಿ ಎಸಳು ಹಾಗೇ ಇಡಿಯಾಗಿ, ಕೈತುಂಬ. ಹುಳಿಗೆ ನಿಂಬೆರಸ ಅಥವಾ ಹುಣಸೆ. ಬೆಂಡೆ ಕೊನೆಗೆ ಬೀಳುತ್ತದೆ. ಬಿದ್ದ ಮೇಲೆ ಸೌಟು ಹಾಕಿ ತಿರುವುವಂತಿಲ್ಲ, ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ದೊಡ್ಡ ಪಾತ್ರೆ ಬೇಡ ಅನ್ನುವ ವಾದಕ್ಕೆ ಕಾರಣ ಇದು. ಅರವತ್ತು ದಾಟಿದ ಕೈಗಳು ಎತ್ತಿ ಅಲ್ಲಾಡಿಸಬಹುದಾದಷ್ಟೇ ಪಾತ್ರೆ, ಆ ಪಾತ್ರೆಯಲ್ಲಿ ಹಿಡಿಸಿದಷ್ಟೇ ಗಿರಾಕಿ.

ತಟ್ಟೆಗೆ ಬಂದಾಗ ಬೆಂಡೆ ಹಸಿರು ಕಳೆದುಕೊಂಡು ಮಬ್ಬಾಗಿರುತ್ತದೆ. ನೋಡಲು ಏನೂ ಇಲ್ಲ. ಬಾಯಲ್ಲಿಟ್ಟರೆ ಒಡೆದು ಬೀಜ ನಾಲಿಗೆ ಮೇಲೆ ಉರುಳುತ್ತದೆ, ಬೆಳ್ಳುಳ್ಳಿ ಬೆಣ್ಣೆಯ ಹಾಗೆ ಕರಗುತ್ತದೆ, ಹುಳಿ ಆಮೇಲೆ ಬರುತ್ತದೆ. ನಮ್ಮ ಆಫೀಸಿನ ಒಬ್ಬರು ಒಮ್ಮೆ ನನ್ನ ಜೊತೆ ಬಂದು, ಇದೇನು ಇಷ್ಟೊಂದು ಬೇಯಿಸಿಬಿಟ್ಟಿದ್ದಾರೆ ಅಂದರು. ತರಕಾರಿ ಕಟಂ ಅನ್ನಬೇಕು ಅನ್ನುವುದು ಇತ್ತೀಚಿನ ಹೋಟೆಲಿನವರು ಕಲಿಸಿದ ಪಾಠ. ಸಾರಿನ ತರಕಾರಿ ಸಾರಿಗೆ ತನ್ನನ್ನು ಕೊಟ್ಟಿರಬೇಕು, ಅದು ಹುಳಿ ಮಾಡುವ ಯಾರನ್ನು ಕೇಳಿದರೂ ಗೊತ್ತು.

ಇಲ್ಲಿಗೆ ಯಾರು ಬರುತ್ತಾರೆ ಅಂತ ಹೇಳಿದರೆ ಈ ಅಂಗಡಿ ಯಾಕೆ ಇದೆ ಅನ್ನುವುದು ಅರ್ಥ ಆಗುತ್ತದೆ. ಖಾಲಾ ಮತ್ತು ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಕ್ಯಾಲ್ಡಿಯನ್ನರು. ಇರಾಕಿನ ಉತ್ತರದ ನಿನೆವೆ ಬಯಲಿನ ಕ್ರೈಸ್ತರು. ಮನೆಯಲ್ಲಿ ಮಾತಾಡುವುದು ಸುರೆತ್, ಅದು ಅರಾಮೇಯಿಕ್‌ನ ಇವತ್ತಿನ ರೂಪ. ಬಾಗ್ದಾದಿನಲ್ಲಿ ಬೆಳೆದವರಿಗೆ ಅರಬ್ಬೀಯೂ ಅಷ್ಟೇ ಸಲೀಸು. ಡೆಟ್ರಾಯಿಟ್ ಸುತ್ತ ಇವರು ಲಕ್ಷಕ್ಕೂ ಹೆಚ್ಚು ಇದ್ದಾರೆ, ಇರಾಕಿನ ಹೊರಗೆ ಇಷ್ಟು ದೊಡ್ಡ ಗುಂಪು ಬೇರೆಲ್ಲೂ ಇಲ್ಲ.

ಮೊದಲು ಬಂದವರು ತೆಲ್ ಕೈಫ್ ಅನ್ನುವ ಊರಿನವರು, ಹೋದ ಶತಮಾನದ ಶುರುವಿನಲ್ಲಿ. 1914ರಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಕೂಲಿ ಕೊಡುತ್ತೇನೆ ಅಂದಾಗ ಆ ಸುದ್ದಿ ಎಲ್ಲೆಲ್ಲಿಗೋ ಮುಟ್ಟಿತು. ಆದರೆ ಇವರು ಕಾರ್ಖಾನೆಯಲ್ಲಿ ಬಹಳ ದಿನ ನಿಲ್ಲಲಿಲ್ಲ, ದಿನಸಿ ಅಂಗಡಿ ಹಿಡಿದರು. ಒಬ್ಬ ಅಂಗಡಿ ಇಟ್ಟ, ಅಳಿಯನನ್ನು ಕರೆಸಿದ, ಅಳಿಯ ಇನ್ನೊಂದು ಅಂಗಡಿ ಇಟ್ಟು ತಮ್ಮನನ್ನು ಕರೆಸಿದ. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಈ ಸರಪಳಿ ಇನ್ನೂ ಉದ್ದ ಆಯಿತು. 1967ರ ಗಲಭೆಯ ನಂತರ ದೊಡ್ಡ ಕಂಪನಿಗಳ ಅಂಗಡಿಗಳು ಡೆಟ್ರಾಯಿಟ್ ನಗರ ಬಿಟ್ಟು ಹೋಗತೊಡಗಿದಾಗ ಆ ಬೀದಿಗಳಲ್ಲಿ ಹಾಲು ಬ್ರೆಡ್ಡು ಮಾರುತ್ತಾ ಉಳಿದವರಲ್ಲಿ ಇವರೇ ಜಾಸ್ತಿ. ಸೆವೆನ್ ಮೈಲ್ ರಸ್ತೆಯಲ್ಲಿ ಇವರದೇ ಒಂದು ಪೇಟೆ ಇತ್ತು, ಬೇಕರಿ, ಕಾಫಿ ಅಂಗಡಿ, ಚರ್ಚು ಎಲ್ಲ. ಆಮೇಲೆ ಕೈಯಲ್ಲಿ ಕಾಸು ಆದವರು ಉತ್ತರದ ಊರುಗಳಿಗೆ ಸರಿದರು, ಪೇಟೆಯೂ ಅವರ ಹಿಂದೆ ಸ್ಟರ್ಲಿಂಗ್ ಹೈಟ್ಸ್ ಕಡೆ ಬಂತು.

ದಿನಸಿ ಅಂಗಡಿಯವರ ದಿನ ಅಂದರೆ ಬೆಳಗಿನಿಂದ ರಾತ್ರಿವರೆಗೆ ಗಲ್ಲಾ ಹಿಂದೆ. ಒಂದು ಕಾಲದಲ್ಲಿ ಮಧ್ಯಾಹ್ನ ಮನೆಯಿಂದ ಊಟ ಬರುತ್ತಿತ್ತು. ಈಗ ಮನೆಯಲ್ಲಿ ಹೆಂಡತಿಯೂ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳಿಗೆ ಕುಬ್ಬಾ, ಅಂದರೆ ಮಾಂಸ ತುಂಬಿದ ಗೋಧಿ ನುಚ್ಚಿನ ಉಂಡೆ, ಕಟ್ಟಲು ಬರುವುದಿಲ್ಲ. ಹಾಗಾಗಿ ಖಾಲಾ ಅಂಗಡಿಗೆ ಬರುತ್ತಾರೆ. ಹೆಂಡತಿ ತೀರಿಕೊಂಡ ಮುದುಕರು ಬರುತ್ತಾರೆ, ಇವರೇ ಹೆಚ್ಚು. ಕೈಯಲ್ಲಿ ಜಪಮಾಲೆ ಹಿಡಿದು, ಬೋರ್ಡು ಕಡೆ ನೋಡದೆ ಇವತ್ತೇನಮ್ಮಾ ಅಂತ ಕೇಳುತ್ತಾರೆ. ಹಲ್ಲಿಲ್ಲದ ಒಬ್ಬರಿಗೆ ಖಾಲಾ ಸಮೂನ್ ಬ್ರೆಡ್ಡನ್ನು ಚೂರು ಮಾಡಿ ಬಟ್ಟಲಿಗೆ ಹಾಕಿ ಮೇಲಿಂದ ಸಾರು ಸುರಿದು ಕೊಡುತ್ತಾರೆ. ಅದು ತಶ್ರೀಬ್, ಅದೂ ಒಂದು ಅಡುಗೆಯೇ, ಬಾಗ್ದಾದಿನಲ್ಲಿ ಅದನ್ನು ಆಸೆಪಟ್ಟು ತಿನ್ನುತ್ತಾರೆ. ಇಲ್ಲಿ ಮಾತ್ರ ಅದು ಬೋರ್ಡಿನಲ್ಲಿ ಇಲ್ಲ, ಕೇಳಿದವರಿಗೆ ಉಂಟು.

ನಮ್ಮಂಥವರೂ ಬರುತ್ತೇವೆ. ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ತುಂಬ ಕಾರು ಕಂಪನಿಗಳ ಕೆಲಸಕ್ಕೆ ಬಂದ ಕನ್ನಡಿಗರಿದ್ದಾರೆ. ನನಗೆ ಈ ಜಾಗ ತೋರಿಸಿದ್ದು ನಮ್ಮ ಪ್ಲಾಂಟಿನಲ್ಲಿ ಅಚ್ಚು ಮಾಡುವ ವಿಭಾಗದ ಹಿರಿಯರು ಒಬ್ಬರು. ಅವರೂ ತೆಲ್ ಕೈಫಿನವರು. ನಾನು ದಿನಾ ಡಬ್ಬಿಯಲ್ಲಿ ತಣ್ಣಗಿನ ಚಿತ್ರಾನ್ನ ತಿನ್ನುವುದನ್ನು ನೋಡಿ ಅವರಿಗೆ ಸಹಿಸಲು ಆಗಲಿಲ್ಲ.

2017ರ ಜೂನ್ ತಿಂಗಳು ನೆನಪಿದೆ. ಒಂದು ಭಾನುವಾರ ವಲಸೆ ಇಲಾಖೆಯವರು ಡೆಟ್ರಾಯಿಟ್ ಸುತ್ತ ಮನೆಮನೆಗೆ ಹೋಗಿ ನೂರಕ್ಕೂ ಹೆಚ್ಚು ಇರಾಕಿಗಳನ್ನು ಹಿಡಿದರು, ಅವರಲ್ಲಿ ಬಹುಪಾಲು ಕ್ಯಾಲ್ಡಿಯನ್ನರು. ಹಳೆಯ ಯಾವುದೋ ಕೇಸು, ಹಳೆಯ ಗಡಿಪಾರು ಆದೇಶ ಇದ್ದವರು. ಚಿಕ್ಕ ಮಕ್ಕಳಾಗಿದ್ದಾಗ ಬಂದು ಇಲ್ಲೇ ಬೆಳೆದವರೂ ಇದ್ದರು. ಅಂಥವರನ್ನು ಈಗ ವಾಪಸ್ ಕಳಿಸಿದರೆ ಎಲ್ಲಿಗೆ? ಆ ವಾರ ಅಂಗಡಿಯಲ್ಲಿ ಯಾರೂ ಊಟದ ಬಗ್ಗೆ ಮಾತಾಡಲಿಲ್ಲ. ಯಾರ ಮಗ, ಎಲ್ಲಿಟ್ಟಿದ್ದಾರೆ, ವಕೀಲರು ಯಾರು, ಅದೇ ಮಾತು. ಖಾಲಾ ಮಾತ್ರ ಎಲ್ಲರ ಮುಂದೆ ತಟ್ಟೆ ಇಡುತ್ತಲೇ ಇದ್ದರು. ವೀಸಾ ಮೇಲೆ ಇಲ್ಲಿ ಬದುಕುವವರಿಗೆ ಆ ಭಯದ ಒಂದು ಚಿಕ್ಕ ಎಳೆ ಗೊತ್ತಿರುತ್ತದೆ. ಅವರದ್ದು ಎಳೆಯಲ್ಲ, ಹಗ್ಗ.

ಖಾಲಾ ಹುಟ್ಟಿದ್ದು ಹಳ್ಳಿಯಲ್ಲಿ, ಬೆಳೆದದ್ದು ಬಾಗ್ದಾದಿನಲ್ಲಿ. ಹಳ್ಳಿಯಲ್ಲಿ ಗೋಧಿ ಬೆಳೆ, ಹಾಗಾಗಿ ಅಜ್ಜಿಯ ಅಡುಗೆ ಎಲ್ಲ ಗೋಧಿ ನುಚ್ಚಿನದು. ಅನ್ನ ಬಂದದ್ದು ಬಾಗ್ದಾದಿಗೆ ಹೋದ ಮೇಲೆ. ಆಮೇಲೆ 1990. ಸದ್ದಾಂ ಕುವೈತಿನ ಮೇಲೆ ದಾಳಿ ಮಾಡಿದ, ವಿಶ್ವಸಂಸ್ಥೆ ದಿಗ್ಬಂಧನ ಹಾಕಿತು, ಇಡೀ ದೇಶ ರೇಷನ್ ಕಾರ್ಡಿನ ಮೇಲೆ ನಿಂತಿತು. ಹಿಟ್ಟು, ಅಕ್ಕಿ, ಸಕ್ಕರೆ, ಟೀಪುಡಿ, ಎಣ್ಣೆ. ಮಾಂಸ ಇಲ್ಲ. ಸಂಬಳದ ದುಡ್ಡಿಗೆ ಬೆಲೆಯೇ ಇಲ್ಲ. ಆ ಹಿಟ್ಟಿನಲ್ಲಿ ಏನೇನೋ ಕಲಬೆರಕೆ ಇರುತ್ತಿತ್ತು, ಜರಡಿ ಹಿಡಿದು ಹಿಡಿದು ಸಾಕಾಗುತ್ತಿತ್ತು ಅನ್ನುತ್ತಾರೆ. ಅಗ್ಗಕ್ಕೆ ಸಿಗುತ್ತಿದ್ದದ್ದು ಬದನೆಕಾಯಿ. ಹುರಿದ ಬದನೆಕಾಯಿ, ಸುಟ್ಟ ಬದನೆಕಾಯಿ, ಬದನೆಕಾಯಿ ಸಾರು, ಬದನೆಕಾಯಿ ಉಪ್ಪಿನಕಾಯಿ. ಆ ವರ್ಷಗಳಲ್ಲಿ ಇರಾಕಿನ ಜನ ಅದಕ್ಕೆ ಬಾಣಲೆಯ ರಾಕ್ಷಸ ಅಂತಲೇ ಹೆಸರಿಟ್ಟಿದ್ದರು.

ಈ ಮಾತನ್ನು ಕೇಳಿದ ಮೇಲೆ ಬುಧವಾರದ ಒಂದು ವಿಷಯ ನನಗೆ ಅರ್ಥವಾಯಿತು. ಬುಧವಾರ ಬದನೆಕಾಯಿ ಮರ್ಗಾ ಇರುತ್ತದೆ, ಅದರ ರುಚಿ ಅಸಾಧ್ಯ, ಆದರೆ ಒಂದು ವಯಸ್ಸಿನ ಕೆಲವರು ಆ ದಿನ ಬರುವುದೇ ಇಲ್ಲ. ಬಂದರೂ ಫಾಸೂಲಿಯಾ ಕೇಳುತ್ತಾರೆ. ಖಾಲಾ ಒತ್ತಾಯ ಮಾಡುವುದಿಲ್ಲ. ತಾವು ಮಾತ್ರ ತಿನ್ನುತ್ತಾರೆ. ಮಕ್ಕಳನ್ನು ಬದುಕಿಸಿದ ತರಕಾರಿ, ಅದರ ಮೇಲೆ ಕೋಪ ಯಾಕೆ ಐನಿ, ಅಂದರು ನನಗೆ ಒಮ್ಮೆ. ನನ್ನನ್ನು ಅವರು ಕರೆಯುವುದು ಹಾಗೆ. ಬಾಗ್ದಾದಿನ ಹೆಂಗಸರು ಪ್ರೀತಿ ಬಂದವರನ್ನೆಲ್ಲ ಹಾಗೆ ಕರೆಯುತ್ತಾರಂತೆ.

ಶುಕ್ರವಾರ ಕುಬ್ಬಾ ಹಾಮುದ್. ಗೋಧಿ ನುಚ್ಚು ಮತ್ತು ಕೊಬ್ಬಿಲ್ಲದ ಮಾಂಸ ಒಟ್ಟಿಗೆ ಅರೆದ ಹಿಟ್ಟು, ಒಳಗೆ ಕೊಚ್ಚಿದ ಮಾಂಸ ಈರುಳ್ಳಿ ಮಸಾಲೆ, ಹೊರಗೆ ಟರ್ನಿಪ್ ಮತ್ತು ಸೊಪ್ಪು ಹಾಕಿದ ಹುಳಿ ಟೊಮೆಟೊ ಸಾರು. ಒದ್ದೆ ಕೈಯಲ್ಲಿ ಉಂಡೆ ಹಿಡಿದು, ಹೆಬ್ಬೆರಳು ಒತ್ತಿ ಬಟ್ಟಲು ಮಾಡಿ, ತುಂಬಿ, ಬಾಯಿ ಮುಚ್ಚಿ, ಅಂಗೈಯಲ್ಲಿ ತಟ್ಟುತ್ತಾರೆ. ಗೋಡೆ ದಪ್ಪವಾದರೆ ಹಿಟ್ಟು ಹಿಟ್ಟು, ತೆಳುವಾದರೆ ಸಾರಿನಲ್ಲಿ ಒಡೆಯುತ್ತದೆ. ಶುಕ್ರವಾರ ಸಾಲು ಹೊರಗಿನವರೆಗೂ ಇರುತ್ತದೆ.

ಶನಿವಾರದ ದೋಲ್ಮಾ ಬೇರೆ ಥರದ ಸಂಭ್ರಮ. ದ್ರಾಕ್ಷಿ ಎಲೆ ಮಾತ್ರ ಅಲ್ಲ, ಈರುಳ್ಳಿಯ ಪದರ, ಬದನೆ, ದಪ್ಪ ಮೆಣಸಿನಕಾಯಿ, ಸೊಪ್ಪಿನ ಎಲೆ, ಎಲ್ಲದರೊಳಗೂ ಅಕ್ಕಿ ಮತ್ತು ಮಾಂಸ, ದಾಳಿಂಬೆ ಪಾಕದ ಹುಳಿ. ಪಾತ್ರೆಯ ತಳಕ್ಕೆ ಎಲುಬು ಜೋಡಿಸಿ ಮೇಲೆ ಇವನ್ನೆಲ್ಲ ಒತ್ತೊತ್ತಾಗಿ ಕಟ್ಟುತ್ತಾರೆ. ಬೆಂದ ಮೇಲೆ ದೊಡ್ಡ ಪರಾತವನ್ನು ಬಾಯಿಗೆ ಮುಚ್ಚಿ, ಇಬ್ಬರು ಹಿಡಿದು, ಒಮ್ಮೆಲೇ ಬೋರಲು ಹಾಕುತ್ತಾರೆ. ಪಾತ್ರೆ ಎತ್ತುವಾಗ ಅಂಗಡಿಯಲ್ಲಿ ಎಲ್ಲರೂ ಒಂದು ಕ್ಷಣ ತಿನ್ನುವುದನ್ನು ನಿಲ್ಲಿಸುತ್ತಾರೆ. ನಾನಂತೂ ಎದ್ದೇ ನಿಲ್ಲುತ್ತೇನೆ. ಈರುಳ್ಳಿಯ ದೋಲ್ಮಾ ಮೊದಲು ಮುಗಿಯುತ್ತದೆ, ಬೇಕಿದ್ದವರು ಬೇಗ ಹೇಳಬೇಕು.

ಸಸ್ಯಾಹಾರಿ ಕನ್ನಡಿಗರು ಇಷ್ಟು ಹೊತ್ತಿಗೆ ಓದುವುದನ್ನು ಬಿಟ್ಟಿರಬಹುದು. ಬಿಡಬೇಡಿ. ನಿಮಗೋಸ್ಕರ ಈ ಅಂಗಡಿಯಲ್ಲಿ ಒಂದು ಕಾಲ ಇದೆ.

ಈಸ್ಟರ್‌ಗೆ ಮುಂಚೆ ಬರುವ ದೊಡ್ಡ ಉಪವಾಸದಲ್ಲಿ ಹಳೆಯ ಪದ್ಧತಿ ಪಾಲಿಸುವ ಕ್ಯಾಲ್ಡಿಯನ್ನರು ಮಾಂಸ ಮುಟ್ಟುವುದಿಲ್ಲ, ಹಾಲು ಮೊಸರು ಮೊಟ್ಟೆಯನ್ನೂ ಬಿಡುತ್ತಾರೆ. ಅದಕ್ಕೂ ಮೂರು ವಾರ ಮೊದಲು, ಸೋಮವಾರದಿಂದ ಬುಧವಾರದವರೆಗೆ, ಮೂರು ದಿನದ ಇನ್ನೊಂದು ಉಪವಾಸ ಇದೆ. ಬಾವುಥಾ ಅನ್ನುತ್ತಾರೆ. ಪ್ರವಾದಿ ಯೋನನ ಮಾತು ಕೇಳಿ ನಿನೆವೆಯ ಜನ ಉಪವಾಸ ಕೂತು ಊರು ಉಳಿಸಿಕೊಂಡ ಕಥೆಯ ನೆನಪಿಗೆ. ಕೇರಳದ ಸಿರಿಯನ್ ಕ್ರೈಸ್ತರೂ ಇದೇ ಮೂರು ದಿನದ ವ್ರತ ಮಾಡುತ್ತಾರೆ, ಎರಡೂ ಒಂದೇ ಪೂರ್ವ ಸಿರಿಯಾಕ್ ಸಂಪ್ರದಾಯದ ಕವಲುಗಳು. ಆದರೆ ನಿನೆವೆ ಇವರಿಗೆ ಬೈಬಲಿನ ಊರಷ್ಟೇ ಅಲ್ಲ, ಅಜ್ಜನ ಹೊಲದ ಪಕ್ಕದ ಊರು. ಹಳೆಯ ನಿನೆವೆ ಇದ್ದ ಮೋಸುಲ್ ನಗರದಲ್ಲೇ ಯೋನನ ಸಮಾಧಿ ಅಂತ ಜನ ನಂಬಿದ್ದ ಗುಡ್ಡ ಇದೆ, ಮೇಲೆ ಮಸೀದಿ ಇತ್ತು. 2014ರ ಜುಲೈನಲ್ಲಿ ಐಸಿಸ್‌ನವರು ಅದನ್ನು ಸ್ಫೋಟಿಸಿದರು. ಆಗಸ್ಟಿನಲ್ಲಿ ನಿನೆವೆ ಬಯಲಿನ ಹಳ್ಳಿಗಳಿಗೆ ನುಗ್ಗಿದರು. ಒಂದೆರಡು ದಿನದಲ್ಲಿ ಊರಿಗೆ ಊರೇ ಕುರ್ದರ ನಗರ ಎರ್ಬಿಲ್ ಕಡೆ ಓಡಿತು. ತೆಲ್ ಕೈಫ್ 2017ರಲ್ಲಿ ಮತ್ತೆ ಕೈಗೆ ಬಂತು, ಆದರೆ ವಾಪಸ್ ಹೋದವರು ಕಡಿಮೆ. ಆ ನಿನೆವೆಯ ಹೆಸರಿನಲ್ಲಿ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಹಿಮ ಬೀಳುವ ದಿನ ಮುದುಕರು ಉಪವಾಸ ಕೂರುತ್ತಾರೆ.

ಈ ಉಪವಾಸದ ದಿನಗಳಲ್ಲಿ ಖಾಲಾ ನಾಲ್ಕೂ ಪಾತ್ರೆ ಮಾಂಸ ಇಲ್ಲದೆ ಮಾಡುತ್ತಾರೆ, ಬೆಣ್ಣೆ ಕೂಡ ಇಲ್ಲ, ಎಣ್ಣೆ ಮಾತ್ರ. ಬಿಳಿ ಕಾಳಿನ ಫಾಸೂಲಿಯಾ, ಬರೀ ಬೆಂಡೆಯ ಬಾಮಿಯಾ, ಕಡಲೆಕಾಳು ಅಕ್ಕಿ ತುಂಬಿದ ದೋಲ್ಮಾ. ಮತ್ತು ತಿಮ್ಮನ್ ಬಗಿಲ್ಲಾ, ಅಂದರೆ ಹಸಿ ಕಾಳು ಹಾಕಿದ ಅನ್ನ. ಇದನ್ನು ಮೊದಲ ಸಲ ಮುಂದಿಟ್ಟಾಗ ನನಗೆ ಹಾಸನದ ಕಡೆಯ ನಮ್ಮ ಮನೆಯ ಜನವರಿ ತಿಂಗಳು ಪೂರ್ತಿ ತಟ್ಟೆಗೆ ಬಂದ ಹಾಗಾಯಿತು. ಸಿಪ್ಪೆ ಹಿತುಕಿ ತೆಗೆದ ಹಸಿ ಕಾಳು, ನಮ್ಮ ಅವರೆಗಿಂತ ದೊಡ್ಡದು, ಆದರೆ ಅದೇ ಹಸಿರು, ಅದೇ ಮೆತ್ತಗಿನ ಹಿಟ್ಟುಹಿಟ್ಟು ರುಚಿ. ಜೊತೆಗೆ ರಾಶಿ ರಾಶಿ ಸಬ್ಬಸಿಗೆ ಸೊಪ್ಪು. ಸಬ್ಬಸಿಗೆಯನ್ನು ಅಲಂಕಾರಕ್ಕೆ ಉದುರಿಸುವವರನ್ನು ಈ ದೇಶದಲ್ಲಿ ತುಂಬ ನೋಡಿದ್ದೆ, ಸೊಪ್ಪಿನ ಹಾಗೆ ಕಟ್ಟುಗಟ್ಟಲೆ ಹೆಚ್ಚಿ ಹಾಕುವವರನ್ನು ನೋಡಿದ್ದು ಇಲ್ಲೇ. ಅಕ್ಕಿ ನೆನೆಸಿ, ಅರ್ಧ ಬೇಯಿಸಿ, ಬಸಿದು, ಕಾಳು ಸೊಪ್ಪು ಬೆರೆಸಿ, ಎಣ್ಣೆ ಹಾಕಿದ ಪಾತ್ರೆಗೆ ಮತ್ತೆ ಸುರಿದು, ಮುಚ್ಚಳಕ್ಕೆ ಬಟ್ಟೆ ಸುತ್ತಿ ಸಣ್ಣ ಉರಿಯಲ್ಲಿ ಬಿಡುತ್ತಾರೆ. ತಳದಲ್ಲಿ ಅನ್ನ ಕೆಂಪಗೆ ಗರಿಗರಿ ಆಗುತ್ತದೆ. ಆ ತಳದ ಅನ್ನಕ್ಕೆ ಮನೆಯಲ್ಲಿ ಮಕ್ಕಳು ಜಗಳ ಆಡುತ್ತಿದ್ದರಂತೆ. ಇಲ್ಲಿ ಮುದುಕರು ಆಡುತ್ತಾರೆ.

ಅಂದ ಹಾಗೆ ಆ ಅಕ್ಕಿ ನಮ್ಮದೇ. ಇರಾಕಿನಲ್ಲಿ ಅಂಬರ್ ಅಂತ ಘಮಘಮ ಅನ್ನುವ ಅಕ್ಕಿ ಬೆಳೆಯುತ್ತಾರೆ, ನಜಫ್ ಕಡೆಯದು, ಅದರ ಬಗ್ಗೆ ಖಾಲಾ ಮಾತಾಡಿದರೆ ನಿಲ್ಲಿಸುವುದೇ ಇಲ್ಲ. ಆದರೆ ಇಲ್ಲಿ ಒಲೆ ಮೇಲೆ ಇರುವುದು ಭಾರತದ ಬಾಸ್ಮತಿ. ಇರಾಕ್ ದೇಶವೇ ನಮ್ಮ ಬಾಸ್ಮತಿಯ ದೊಡ್ಡ ಗಿರಾಕಿಗಳಲ್ಲಿ ಒಂದು. ಮೇಜಿನ ಮೇಲಿನ ಅಂಬಾ ಕೂಡ ಹಾಗೇ. ಅರಿಶಿನ, ಮೆಂತ್ಯ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ, ಮುಂಬಯಿಗೆ ವ್ಯಾಪಾರಕ್ಕೆ ಬಂದ ಬಾಗ್ದಾದಿನ ಯಹೂದಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಊರಿಗೆ ಕಳಿಸಿದ್ದು ಅಂತ ಹೇಳುತ್ತಾರೆ. ಆ ಯಹೂದಿಗಳಲ್ಲಿ ಬಹುತೇಕರು 1950–51ರಲ್ಲಿ ಇರಾಕ್ ಬಿಟ್ಟರು. ಉಪ್ಪಿನಕಾಯಿ ಉಳಿಯಿತು.

ನಮ್ಮ ಕನ್ನಡ ಗೆಳೆಯರ ಗುಂಪಿನ ಒಂದು ಊಟಕ್ಕೆ ಉಪವಾಸದ ಕಾಲದಲ್ಲಿ ತಿಮ್ಮನ್ ಬಗಿಲ್ಲಾ ತರಿಸಿದ್ದೆ. ಈರುಳ್ಳಿ ಬೆಳ್ಳುಳ್ಳಿ ಇದೆಯಾ, ಬೇರೆ ಪಾತ್ರೆಯಲ್ಲಿ ಮಾಡಿದ್ದಾರಾ ಅಂತ ಒಂದಿಬ್ಬರು ಹಿರಿಯರು ವಿಚಾರಿಸಿದರು. ಖಾಲಾ ಪಾತ್ರೆ ಬೇರೆ ಇಟ್ಟಿದ್ದರು, ಉಪವಾಸದ ಅಡುಗೆಯನ್ನು ಮಾಂಸದ ಪಾತ್ರೆಯಲ್ಲಿ ಅವರೂ ಮಾಡುವುದಿಲ್ಲ. ಆಮೇಲೆ ಒಬ್ಬ ಅಜ್ಜಿ, ಮಗನ ಮನೆಗೆ ಆರು ತಿಂಗಳಿಗೆ ಬಂದವರು, ಎರಡನೇ ಸಲ ಬಡಿಸಿಕೊಂಡು, ಇದಕ್ಕೆ ಒಂದು ಚೂರು ಕಾಯಿತುರಿ ಬಿದ್ದಿದ್ದರೆ ಅಂದರು. ಅದನ್ನು ಖಾಲಾಗೆ ಹೇಳಿದೆ. ಕಾಯಿತುರಿ ಅಂದರೆ ಏನು ಅಂತ ತಿಳಿದ ಮೇಲೆ ಬಹಳ ಹೊತ್ತು ಯೋಚಿಸಿ, ಬೇಡ ಅಂದರು.

ಈಗಿನ ವಿಷಯ ಹೇಳಿ ಮುಗಿಸುತ್ತೇನೆ. ಗಲ್ಲಾದಲ್ಲಿ ಕೂರುವ ಮಗನಿಗೆ ಶವರ್ಮಾ ಶುರು ಮಾಡುವ ಆಸೆ. ಅವನ ಲೆಕ್ಕ ತಪ್ಪಲ್ಲ. ಕುರಿಮಾಂಸದ ಬೆಲೆ ಏರಿದೆ, ಫೋನಿನಲ್ಲಿ ಊಟ ತರಿಸುವವರು ಹುಡುಕುವುದು ಶವರ್ಮಾವನ್ನೇ, ಬಾಮಿಯಾ ಅಂತ ಯಾರೂ ಟೈಪ್ ಮಾಡುವುದಿಲ್ಲ. ಡಬ್ಬಿಯಲ್ಲಿ ಹಾಕಿ ಕಳಿಸಿದ ಸಾರು ದಾರಿಯಲ್ಲಿ ಅಲ್ಲಾಡಿ ಬೆಂಡೆ ಒಡೆದಿರುತ್ತದೆ, ನಕ್ಷತ್ರ ಕಡಿಮೆ ಕೊಡುತ್ತಾರೆ. ಅಮ್ಮ ಮಗ ಇಬ್ಬರೂ ಇದರ ಬಗ್ಗೆ ಗಿರಾಕಿಗಳ ಮುಂದೆಯೇ ವಾದ ಮಾಡುತ್ತಾರೆ, ಮುದುಕರೆಲ್ಲ ಅಮ್ಮನ ಪಕ್ಷ. ಸದ್ಯಕ್ಕೆ ಆಗಿರುವ ಒಪ್ಪಂದ ಏನೆಂದರೆ, ಮೂರು ಗಂಟೆಯ ಮೇಲೆ ಅಂಗಡಿ ಮಗನದು, ಅಲ್ಲಿಯವರೆಗೆ ಒಲೆ ಅಮ್ಮನದು. ಶವರ್ಮಾ ಯಂತ್ರ ಇನ್ನೂ ಬಂದಿಲ್ಲ. ಫಾರ್ಮಸಿ ಓದುತ್ತಿರುವ ಮಗಳು ಮಾತ್ರ ಗುರುವಾರ ಸಂಜೆ ಬಂದು ಶುಕ್ರವಾರಕ್ಕೆ ಕುಬ್ಬಾ ಕಟ್ಟಲು ಕೂರುತ್ತಾಳೆ. ಅವಳದು ಇನ್ನೂ ಸ್ವಲ್ಪ ದಪ್ಪ. ಅವಳು ಕಟ್ಟಿದ್ದನ್ನು ಖಾಲಾ ಬೇರೆ ಪಾತ್ರೆಯಲ್ಲಿ ಬೇಯಿಸಿ ನನ್ನಂಥ ಪರಿಚಯದವರಿಗೆ ಬಡಿಸುತ್ತಾರೆ, ಹೇಗಿದೆ ಅಂತ ಮಗಳ ಎದುರಿಗೇ ಕೇಳುತ್ತಾರೆ. ಹೋದ ವಾರದ್ದು ಚೆನ್ನಾಗಿತ್ತು. ಒಂದೂ ಒಡೆದಿರಲಿಲ್ಲ.